ಇಂಜುರಿ ಸರ್ಟಿಫಿಕೇಟ್‌ನಲ್ಲಿ ಸಿಗದ ಇಂಜುರಿ

ಪೆಟ್ಟು ತಿಂದವರನ್ನು ಪರೀಕ್ಷಿಸಿ ವೈದ್ಯರು ಪೊಲೀಸರಿಗೆಂದು ತುಂಬಿಕೊಡುವ ಆ ಹಾಳೆಗೆ ಹೆಸರಿಟ್ಟವರು ದಂಡ ಸಂಹಿತೆಯನ್ನು ಬಿಡಿಸಿ ನೋಡಿರಲಿಕ್ಕಿಲ್ಲ. ಮೇಲೆ ದಪ್ಪ ಅಕ್ಷರದಲ್ಲಿ ‘ಇಂಜುರಿ ಸರ್ಟಿಫಿಕೇಟ್’ ಎಂದು ಅಚ್ಚಾಗಿರುತ್ತದೆ, ಕೆಳಗೆ ವೈದ್ಯರು ತುಂಬುವುದೆಲ್ಲ ಹರ್ಟ್, ಅಂದರೆ ಮೈಗಾದ ನೋವು. ಮುಂಬೈನ ಪೂರ್ವ ಉಪನಗರದ ಒಂದು ಮುನಿಸಿಪಲ್ ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ ನನ್ನ ನೌಕರಿಯ ಬಹುಪಾಲು ಕಳೆಯಿತು. ಅಲ್ಲಿ ಇಂಥ ಎಷ್ಟು ಹಾಳೆಗಳಿಗೆ ಸಹಿ ಹಾಕಿದೆನೋ ಲೆಕ್ಕ ಇಟ್ಟಿಲ್ಲ. ನಿವೃತ್ತಿಯಾದ ಮೇಲೆ ಮುಲುಂಡಿನ ಮನೆಯಲ್ಲಿ ಕುಳಿತು ಈ ತಕರಾರನ್ನು ಬರೆಯಲು ಕಾರಣ ನನ್ನ ಅಕ್ಕನ ಮಗ. ಪುಣೆಯಲ್ಲಿ ಕಾನೂನು ಓದುತ್ತಿದ್ದಾನೆ. ರಜೆಗೆ ಬಂದವನು ಪುಸ್ತಕವನ್ನು ನನ್ನ ಮುಂದೆ ಇಟ್ಟು, “ಚಿಕ್ಕಮ್ಮ, ಇಂಗ್ಲಿಷಿನಲ್ಲಿ ಹರ್ಟ್, ಇಂಜುರಿ ಎರಡೂ ಒಂದೇ ಅಲ್ಲವೇ? ಇಲ್ಲಿ ಯಾಕೆ ಬೇರೆ ಬೇರೆ ವ್ಯಾಖ್ಯೆ ಕೊಟ್ಟಿದ್ದಾರೆ?” ಎಂದು ಕೇಳಿದ.

ಒಂದೇ ಅಲ್ಲ. ಮಾತಿನ ಇಂಗ್ಲಿಷಿಗೂ ಕೋರ್ಟಿನ ಇಂಗ್ಲಿಷಿಗೂ ಇಲ್ಲಿ ತಲೆಕೆಳಗಾದ ಸಂಬಂಧವಿದೆ. ನಮ್ಮ ಕಾಲೊನಿಯ ಹೆಂಗಸರ ಗುಂಪಿನಲ್ಲಿ ಯಾರಾದರೂ “ನನಗೆ ತುಂಬಾ ಹರ್ಟ್ ಆಯಿತು” ಎಂದರೆ ಕೈಕಾಲು ಮುರಿದಿದೆ ಎಂದು ಯಾರೂ ತಿಳಿಯುವುದಿಲ್ಲ, ಯಾರೋ ಚುಚ್ಚಿ ಮಾತಾಡಿದ್ದಾರೆ ಎಂದೇ ಅರ್ಥ. ಇಂಜುರಿ ಎಂದ ತಕ್ಷಣ ಬ್ಯಾಂಡೇಜು, ಹೊಲಿಗೆ, ಎಕ್ಸ್‌ರೇ ನೆನಪಾಗುತ್ತವೆ. ದಂಡ ಸಂಹಿತೆ ಇದಕ್ಕೆ ಪೂರ್ತಿ ವಿರುದ್ಧ. ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 319ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 114ನೇ ಕಲಂ ಹೇಳುವ ಪ್ರಕಾರ, ಒಬ್ಬರಿಗೆ ದೇಹದ ನೋವು, ರೋಗ ಅಥವಾ ಅಶಕ್ತತೆ ಉಂಟುಮಾಡಿದರೆ ಅದು ಹರ್ಟ್. ಹಳೆಯ 44ನೇ ಕಲಂ, ಈಗ ಎರಡನೇ ಕಲಮಿನ ಹದಿನಾಲ್ಕನೇ ಉಪಕಲಂ, ಇಂಜುರಿಯನ್ನು ವಿವರಿಸುತ್ತದೆ: ಯಾವುದೇ ವ್ಯಕ್ತಿಯ ದೇಹಕ್ಕೆ, ಮನಸ್ಸಿಗೆ, ಮಾನಕ್ಕೆ ಅಥವಾ ಆಸ್ತಿಗೆ ಕಾನೂನುಬಾಹಿರವಾಗಿ ಆದ ಯಾವುದೇ ಹಾನಿ. ಅಂದರೆ ಹರ್ಟ್ ಮೈಗೆ ಸೇರಿದ್ದು. ಇಂಜುರಿಯೊಳಗೆ ಮೈ, ಮನಸ್ಸು, ಮರ್ಯಾದೆ, ಮನೆಯ ಪಾತ್ರೆಪಗಡಿ ಎಲ್ಲವೂ ಬರುತ್ತವೆ. ಚುಚ್ಚುಮಾತಿನಿಂದ ಮನಸ್ಸಿಗಾದ ಹಾನಿ, ಅದು ಕಾನೂನುಬಾಹಿರವಾಗಿದ್ದರೆ, ಹೋಗಿ ಸೇರುವುದು ಇಂಜುರಿಯ ಲೆಕ್ಕಕ್ಕೆ.

ಈ ಪದಗಳ ಹುಟ್ಟನ್ನು ನೋಡಿದರೆ ಹಳೆಯ ಸಂಹಿತೆಯ ಕರಡು ಬರೆದ ಮೆಕಾಲೆಯವರ ಆಯೋಗ ಮನಸ್ಸಿಗೆ ಬಂದಂತೆ ಬರೆದಿಲ್ಲ ಎಂದು ತಿಳಿಯುತ್ತದೆ. ಹರ್ಟ್ ಎಂಬುದು ಹಳೆಯ ಫ್ರೆಂಚಿನಿಂದ ಬಂದದ್ದು, ಮೂಲದಲ್ಲಿ ಡಿಕ್ಕಿ ಹೊಡೆಯುವುದು, ಗುದ್ದುವುದು ಎಂಬ ಅರ್ಥ. ಇಂಜುರಿ ಲ್ಯಾಟಿನ್ನಿನದು, ನ್ಯಾಯವಲ್ಲದ್ದು ಎಂದು ಅದರ ಮೂಲಾರ್ಥ. 1837ರಲ್ಲಿ ಕರಡಾಗಿ, 1860ರಲ್ಲಿ ಕಾಯ್ದೆಯಾಗಿ, 1862ರ ಜನವರಿ 1ರಂದು ಜಾರಿಗೆ ಬಂದ ಆ ಸಂಹಿತೆ ಈ ಮೂಲಾರ್ಥಗಳನ್ನು ಹಾಗೆಯೇ ಉಳಿಸಿಕೊಂಡಿತು. 2024ರ ಜುಲೈ 1ರಂದು ಅದರ ಜಾಗಕ್ಕೆ ಬಂದ ಹೊಸ ಸಂಹಿತೆ ಕಲಮುಗಳ ಸಂಖ್ಯೆಗಳನ್ನು ಬದಲಿಸಿತೇ ಹೊರತು ಇವೆರಡರ ವ್ಯಾಖ್ಯೆಯನ್ನು ಮುಟ್ಟಲಿಲ್ಲ. ಇಂಗ್ಲೆಂಡಿನವರು ಮಾತಿನಲ್ಲಿ ಅರ್ಥವನ್ನು ಎಲ್ಲಿಗೋ ಒಯ್ದಿದ್ದಾರೆ, ನಮ್ಮ ಪೊಲೀಸ್ ಠಾಣೆಯಲ್ಲಿ ಮಾತ್ರ ಅದು ಇನ್ನೂ ಗುದ್ದಿನ ಅರ್ಥದಲ್ಲೇ ಇದೆ. ಠಾಣೆಯ ಹವಾಲ್ದಾರರು ಮರಾಠಿಯಲ್ಲಿ ‘ದುಖಾಪತ್’ ಎಂದು ಬರೆದುಕೊಳ್ಳುತ್ತಾರೆ. ಅವರಿಗೆ ಈ ಗೊಂದಲವೇ ಇಲ್ಲ.

ನ್ಯಾಯವಲ್ಲದ್ದು ಎಂಬ ಮೂಲಾರ್ಥ ಎಷ್ಟು ಬಿಗಿಯಾಗಿ ಕುಳಿತಿದೆ ಎಂಬುದಕ್ಕೆ ನಮ್ಮ ಆಪರೇಷನ್ ಥಿಯೇಟರ್ ಸಾಕ್ಷಿ. ಸಕ್ಕರೆ ಕಾಯಿಲೆಯಿಂದ ಪಾದ ಕೊಳೆತವರ ಕಾಲನ್ನು ಸರ್ಜನ್ ಮೊಣಕಾಲಿನ ಕೆಳಗೆ ಕತ್ತರಿಸುತ್ತಾರೆ. ಅದಕ್ಕಿಂತ ದೊಡ್ಡ ಹಾನಿ ಮನುಷ್ಯನಿಗೆ ಇನ್ನೇನಿದೆ? ಆದರೂ ಒಪ್ಪಿಗೆ ಪಡೆದು, ರೋಗಿಯ ಒಳಿತಿಗಾಗಿ, ಸದ್ಭಾವನೆಯಿಂದ ಮಾಡಿದ್ದರಿಂದ ಅದು ಅಪರಾಧವಲ್ಲ. ಕಾನೂನುಬಾಹಿರವಲ್ಲವಾದ್ದರಿಂದ ಇಂಜುರಿಯೂ ಅಲ್ಲ. ಅದೇ ಹೊತ್ತಿಗೆ ಕೆಳಗಿನ ಮಹಡಿಯಲ್ಲಿ, ನೀರಿನ ನಲ್ಲಿಯ ಸರದಿಗಾಗಿ ನಡೆದ ಜಗಳದಲ್ಲಿ ಒಡೆದ ಪ್ಲಾಸ್ಟಿಕ್ ಡ್ರಮ್ಮಿನ ಬಗ್ಗೆ ಯಾರೋ ಗೋಳಾಡುತ್ತಿರುತ್ತಾರೆ. ಬೇಕೆಂದೇ ಒಡೆದದ್ದಾದರೆ ಅದು ಇಂಜುರಿ. ನಾನು ಆ ಡ್ರಮ್ಮನ್ನು ಹಾಳೆಯ ಯಾವ ಅಂಕಣದಲ್ಲಿ ಬರೆಯಲಿ? ಹಾಳೆಯಲ್ಲಿರುವುದು ಗಾಯದ ಬಗೆ, ಅಳತೆ, ಮೈಮೇಲಿನ ಜಾಗ, ಆಯುಧದ ಸ್ವರೂಪ, ಎಷ್ಟು ಹೊತ್ತಿನ ಗಾಯ, ಸಾದಾ ಅಥವಾ ಗಂಭೀರ. ಅಷ್ಟೇ.

ಗಾಯವನ್ನು ಬರೆಯುವ ಕೆಲಸದಲ್ಲಿ ವೈದ್ಯರನ್ನು ಯಾರೂ ದೂರುವಂತಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತೇನೆ. ತರಚುಗಾಯ, ಮೂಗೇಟು, ಹರಿದ ಗಾಯ, ಕೊಯ್ದ ಗಾಯ, ಇರಿತ, ಎಲ್ಲಕ್ಕೂ ಬೇರೆ ಬೇರೆ ಲಕ್ಷಣ. ಕೊಯ್ದ ಗಾಯದ ಅಂಚು ನೇರ, ಹರಿದದ್ದರ ಅಂಚು ಒರಟು. ಹರಿದ ಗಾಯದ ಆಳದಲ್ಲಿ ಎಳೆಗಳು ಅಡ್ಡಡ್ಡ ಉಳಿದಿರುತ್ತವೆ. ಮೂಗೇಟಿನ ಬಣ್ಣವೇ ಅದರ ವಯಸ್ಸನ್ನು ಹೇಳುತ್ತದೆ: ಮೊದಲು ಕೆಂಪು, ಆಮೇಲೆ ನೀಲಿ, ಐದಾರು ದಿನಕ್ಕೆ ಹಸಿರು, ವಾರ ದಾಟಿದರೆ ಹಳದಿ, ಎರಡು ವಾರಕ್ಕೆ ಮಾಯ. “ನಿನ್ನೆ ರಾತ್ರಿ ಹೊಡೆದರು” ಎಂದು ಹಸಿರು ಬಾಸುಂಡೆ ತೋರಿಸಿದವರನ್ನು ನಾನು ಎದುರು ಕೂರಿಸಿಕೊಂಡು ಮತ್ತೊಮ್ಮೆ ಕೇಳಿದ್ದೇನೆ. ಕೆಲವರು ಸುಳ್ಳು ಹೇಳುತ್ತಿದ್ದರು. ಹೆಚ್ಚಿನವರಿಗೆ, ಅದರಲ್ಲೂ ಹೆಂಗಸರಿಗೆ, ನಿನ್ನೆಯದು ಯಾವುದು, ಕಳೆದ ವಾರದ್ದು ಯಾವುದು ಎಂದೇ ಬೇರ್ಪಡಿಸಲು ಆಗುತ್ತಿರಲಿಲ್ಲ.

ಕಷ್ಟವಿರುವುದು ಗಾಯ ಇಲ್ಲದ ಹರ್ಟಿನಲ್ಲಿ. ಕಲಬುರಗಿ ಕಡೆಯ ಒಬ್ಬ ಹೆಂಗಸು ಮಾನಖುರ್ದ್‌ನ ಗುಡಿಸಲುಗಳಿಂದ ಬಂದಿದ್ದಳು. ಕಟ್ಟಡದ ಕೆಲಸಕ್ಕೆಂದು ಗಂಡನೊಂದಿಗೆ ಮುಂಬೈಗೆ ಬಂದು, ಕೆಲಸ ಬಿಟ್ಟು, ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದವಳು. ನಾನು ಕನ್ನಡದಲ್ಲಿ ಮಾತಾಡಿದ ಕೂಡಲೇ ಜೊತೆಗಿದ್ದ ಪೊಲೀಸಮ್ಮನನ್ನು ಮರೆತು ನನ್ನ ಕಡೆಗೇ ತಿರುಗಿದಳು. ಮೈದುನ ಜುಟ್ಟು ಹಿಡಿದು ಓಣಿಯ ಕೊನೆಯವರೆಗೆ ಎಳೆದುಕೊಂಡು ಹೋಗಿದ್ದ. ಹೊಲಿಗೆ ಯಂತ್ರವನ್ನು ಮೆಟ್ಟಿಲಿನಿಂದ ಕೆಳಗೆ ಉರುಳಿಸಿದ್ದ. ಊರಿಗೆ ಫೋನ್ ಮಾಡಿ ಇಲ್ಲದ್ದನ್ನು ಹೇಳಿ ಮಾನ ಕಳೆಯುತ್ತೇನೆ ಎಂದು ಹೆದರಿಸಿದ್ದ. ಮೈಮೇಲೆ ಹುಡುಕಿದರೂ ಗುರುತಿಲ್ಲ. ನೆತ್ತಿ ಒತ್ತಿದರೆ ನೋವು ಎಂದಳು, ಅಷ್ಟೇ.

ಇಂಥ ಹೊತ್ತಿಗೆ ಆಸ್ಪತ್ರೆಯ ರೂಢಿಯ ವಾಕ್ಯವೊಂದಿದೆ: ಹೊರಗೆ ಕಾಣುವ ಇಂಜುರಿ ಇಲ್ಲ. ಠಾಣೆಯಲ್ಲಿ ಆ ವಾಕ್ಯವನ್ನು ‘ಏನೂ ಆಗಿಲ್ಲ’ ಎಂದು ಓದುತ್ತಾರೆ. ಕಾನೂನಿನ ಪ್ರಕಾರ ಅವಳಿಗೆ ಆದದ್ದನ್ನು ನೋಡಿ. ಜುಟ್ಟು ಹಿಡಿದು ಎಳೆದದ್ದು ಹರ್ಟ್, ಏಕೆಂದರೆ ವ್ಯಾಖ್ಯೆಯಲ್ಲಿ ಇರುವುದು ನೋವು, ಗಾಯವಲ್ಲ. ರಕ್ತ ಬರಬೇಕೆಂದಿಲ್ಲ, ಚರ್ಮ ಕೆಂಪಾಗಬೇಕೆಂದೂ ಇಲ್ಲ. ಹೊಲಿಗೆ ಯಂತ್ರ ಮುರಿದದ್ದು ಇಂಜುರಿ. ಮಾನ ಕಳೆಯುತ್ತೇನೆ ಎಂದದ್ದು ಇಂಜುರಿಯ ಬೆದರಿಕೆ. ಕ್ರಿಮಿನಲ್ ಬೆದರಿಕೆಯ ಹಳೆಯ 503ನೇ ಕಲಂ, ಈಗಿನ 351, ದೇಹಕ್ಕೆ, ಮಾನಕ್ಕೆ ಅಥವಾ ಆಸ್ತಿಗೆ ಇಂಜುರಿ ಮಾಡುತ್ತೇನೆಂದು ಹೆದರಿಸುವುದು ಎಂದೇ ಹೇಳುತ್ತದೆ. ಅವಳು ಹೇಳಿದ ಮೂರೂ ಸಂಗತಿಗಳು ಸಂಹಿತೆಯಲ್ಲಿವೆ, ನನ್ನ ಹಾಳೆಯಲ್ಲಿ ಒಂದೂ ಬರುವಂತಿರಲಿಲ್ಲ. ನಾನು ರೂಢಿಯ ವಾಕ್ಯವನ್ನು ಬಿಟ್ಟು, ‘ನೆತ್ತಿಯಲ್ಲಿ ಒತ್ತಿದರೆ ನೋವು, ಕೂದಲು ಹಿಡಿದು ಎಳೆದದ್ದರಿಂದ ಎಂದು ಹೇಳಿಕೆ’ ಎಂದು ಬರೆದೆ. ಪೊಲೀಸಮ್ಮ ಅದನ್ನು ಓದಿ, “ಮ್ಯಾಡಮ್, ಇದು ಎನ್‌ಸಿಯೇ ಆಗುತ್ತದೆ” ಎಂದಳು.

ಅವಳು ಹೇಳಿದ್ದು ಸರಿ. ಮುಂಬೈನಲ್ಲಿ ಚಾಳಿನ ಮಕ್ಕಳಿಗೂ ಎನ್‌ಸಿ, ಅಂದರೆ ನಾನ್-ಕಾಗ್ನಿಜಬಲ್, ಎಂದರೇನು ಎಂದು ಗೊತ್ತಿರುತ್ತದೆ. ಕೈಯಲ್ಲಿ ಹೊಡೆದು ಉಂಟುಮಾಡಿದ ಸಾದಾ ಹರ್ಟ್, ಅಂದರೆ ಹಳೆಯ 323, ಈಗ 115(2), ಪೊಲೀಸರು ತಾವಾಗಿ ತನಿಖೆ ಮಾಡುವ ಅಪರಾಧವಲ್ಲ. ಡೈರಿಯಲ್ಲಿ ಬರೆದುಕೊಂಡು, ಒಂದು ಚೀಟಿ ಕೊಟ್ಟು, ಬೇಕಾದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಿ ಎಂದು ಕಳಿಸುತ್ತಾರೆ. ಶಿಕ್ಷೆ ಗರಿಷ್ಠ ಒಂದು ವರ್ಷ. ದಂಡ ಮೊದಲು ಗರಿಷ್ಠ ಒಂದು ಸಾವಿರ ರೂಪಾಯಿ ಇತ್ತು, ಹೊಸ ಸಂಹಿತೆ ಅದನ್ನು ಹತ್ತು ಸಾವಿರ ಮಾಡಿದೆ. ಗಂಭೀರ ಹರ್ಟ್ ಆದರೆ, ಹಳೆಯ 325, ಎಫ್‌ಐಆರ್ ಆಗಲೇಬೇಕು, ಶಿಕ್ಷೆ ಏಳು ವರ್ಷದವರೆಗೆ. ಆದ್ದರಿಂದಲೇ ಪೆಟ್ಟು ತಿಂದವರು, ಅವರ ಜೊತೆ ಬಂದ ಗಲ್ಲಿಯ ಮುಖಂಡರು, ಎಲ್ಲರೂ ವೈದ್ಯರ ಮೇಜಿನ ಸುತ್ತ ನಿಂತು ಒಂದೇ ಮಾತು ಹೇಳುತ್ತಾರೆ: “ಗಂಭೀರ ಎಂದು ಬರೆಯಿರಿ.” ಎದುರು ಪಕ್ಷದವರು ಸ್ವಲ್ಪ ಹೊತ್ತಿಗೆ ಬಂದು, ಅದೇ ಮೇಜಿನ ಹತ್ತಿರ, ಸಾದಾ ಎಂದು ಬರೆಯಿರಿ ಎನ್ನುತ್ತಾರೆ.

ಬರೆಯುವುದು ಬಿಡುವುದು ವೈದ್ಯರ ದಯೆಯಲ್ಲಿಲ್ಲ. ಹಳೆಯ 320, ಈಗಿನ 116ನೇ ಕಲಮಿನಲ್ಲಿ ಎಂಟು ಬಗೆ ಇವೆ, ಆ ಎಂಟರಲ್ಲಿ ಬಿದ್ದರೆ ಗಂಭೀರ, ಇಲ್ಲದಿದ್ದರೆ ಸಾದಾ. ಪುರುಷತ್ವ ನಾಶ, ಒಂದು ಕಣ್ಣಿನ ಇಲ್ಲವೇ ಒಂದು ಕಿವಿಯ ಶಕ್ತಿ ಶಾಶ್ವತವಾಗಿ ಹೋಗುವುದು, ಅಂಗ ಅಥವಾ ಕೀಲು ಹೋಗುವುದು, ಅದರ ಶಕ್ತಿ ಶಾಶ್ವತವಾಗಿ ಕುಂದುವುದು, ತಲೆ ಅಥವಾ ಮುಖ ಶಾಶ್ವತವಾಗಿ ವಿಕಾರವಾಗುವುದು. ಏಳನೆಯದು ಎಲುಬು ಅಥವಾ ಹಲ್ಲು ಮುರಿಯುವುದು, ಇಲ್ಲವೇ ಜಾಗ ಬಿಟ್ಟು ಜರುಗುವುದು. ಎಂಟನೆಯದಕ್ಕೆ ಆಮೇಲೆ ಬರುತ್ತೇನೆ, ನನ್ನ ಸಿಟ್ಟೆಲ್ಲ ಅಲ್ಲಿದೆ.

ಹಲ್ಲು ಕ್ಯಾಶುವಲ್ಟಿಯ ದೊಡ್ಡ ನಾಟಕ. ತೊಡೆಯಲ್ಲಿ ಅಂಗೈ ಉದ್ದದ ಕೊಯ್ತ, ಹೊಲಿಗೆಯ ಮೇಲೆ ಹೊಲಿಗೆ, ಆದರೂ ಗಾಯವಾಗಿ ಅದು ಸಾದಾ. ಒಂದು ಹಲ್ಲು ಉದುರಿದರೆ ಗಂಭೀರ. ಗಲ್ಲಿಯವರಿಗೆ ಈ ಲೆಕ್ಕ ನಮ್ಮ ಇಂಟರ್ನಿಗಳಿಗಿಂತ ಚೆನ್ನಾಗಿ ಗೊತ್ತು. ಚೆಂಬೂರಿನ ಕಡೆಯಿಂದ ಒಬ್ಬ ಹಿರಿಯರು ಹಲ್ಲನ್ನು ಕ್ಯಾಲೆಂಡರ್ ಹಾಳೆಯ ಚೂರಿನಲ್ಲಿ ಪೊಟ್ಟಣ ಕಟ್ಟಿಕೊಂಡು ಬಂದಿದ್ದರು. ಬಾಯಿ ತೆರೆಸಿ ನೋಡಿದರೆ ಹಲ್ಲಿನ ಗುಳಿ ಒಣಗಿ, ವಸಡು ಮುಚ್ಚಿಕೊಂಡು, ಹಲ್ಲು ಬಿದ್ದು ತಿಂಗಳುಗಳೇ ಆದಂತಿತ್ತು. ಉಳಿದ ಹಲ್ಲುಗಳೂ ವಸಡಿನ ಕಾಯಿಲೆಯಿಂದ ಬೆರಳು ಮುಟ್ಟಿಸಿದರೆ ಅಲುಗಾಡುತ್ತಿದ್ದವು. “ಅಜ್ಜ, ಇದು ಇವತ್ತಿನದಲ್ಲವಲ್ಲ” ಎಂದೆ. “ಇವತ್ತು ಹೊಡೆದದ್ದು ನಿಜ ತಾಯಿ, ಹಲ್ಲು ಮಾತ್ರ ಹಳೆಯದು” ಎಂದರು. ಅವರ ಪ್ರಾಮಾಣಿಕತೆಗೆ ಮೆಚ್ಚಿ, ಕೆನ್ನೆಯ ಊತವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದು ಬರೆದೆ. ಆ ಊತವೂ ಹರ್ಟೇ, ಪೊಟ್ಟಣದ ನೆರವು ಅದಕ್ಕೆ ಬೇಕಿರಲಿಲ್ಲ.

ಎಲುಬಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ ಒಳ್ಳೆಯ ಕೆಲಸ ಮಾಡಿದೆ. ಎಲುಬು ಎರಡು ತುಂಡಾಗಿ ಮುರಿಯಬೇಕಿಲ್ಲ, ಕತ್ತಿಯ ಏಟಿಗೆ ಅದರ ಮೇಲೆ ಬಿರುಕು ಬಿಟ್ಟರೂ ಚೂರು ಎದ್ದರೂ ಸಾಕು, ಅದು ಮುರಿತವೇ ಎಂದು ಹಿಂದೆಯೇ ತೀರ್ಮಾನಿಸಿದೆ. ಎಕ್ಸ್‌ರೇಯಲ್ಲಿ ಕೂದಲೆಳೆಯಂಥ ಗೆರೆ ಕಂಡರೂ ಎಫ್‌ಐಆರ್.

ತುಸು ಬೇರೆ ಮಾತು. ಆಜಾದ್ ಮೈದಾನದಲ್ಲಿ ಒಂದರ ಒಳಗೊಂದು ಹೆಣೆದುಕೊಂಡು ನಡೆಯುವ ಕ್ರಿಕೆಟ್ ಪಂದ್ಯಗಳಲ್ಲಿ ಬೇರೆ ಪಂದ್ಯದ ಚೆಂಡು ತಲೆಗೆ ಬಿದ್ದ ಹುಡುಗರೂ ಆಸ್ಪತ್ರೆ ಸೇರುತ್ತಾರೆ. ಸ್ಕೋರ್ ಪಟ್ಟಿಯಲ್ಲಿ ಬ್ಯಾಟ್ಸ್‌ಮನ್ ‘ರಿಟೈರ್ಡ್ ಹರ್ಟ್’, ಮರುದಿನದ ಪತ್ರಿಕೆಯಲ್ಲಿ ಅವನಿಗೆ ‘ಇಂಜುರಿ’. ಕ್ರಿಕೆಟ್ಟಿನ ನಿಯಮ ಪುಸ್ತಕ ಮಾತ್ರ ಅದನ್ನು ‘ರಿಟೈರ್ಡ್, ನಾಟ್ ಔಟ್’ ಎಂದು ಬರೆಯಬೇಕೆನ್ನುತ್ತದೆ. ಸಂಹಿತೆಯ ಲೆಕ್ಕದಲ್ಲಿ ಇಲ್ಲಿ ಸ್ಕೋರ್ ಬರೆಯುವವನೇ ಸರಿ. ಬೌಲರ್ ನಿಯಮದ ಪ್ರಕಾರ ಹಾಕಿದ ಚೆಂಡು ತಗುಲಿದರೆ ನೋವಿದೆ, ಅನ್ಯಾಯವಿಲ್ಲ.

ಮನಸ್ಸಿನ ಪಾಲು ಹರ್ಟಿನಲ್ಲಿ ಇಲ್ಲವೇ ಇಲ್ಲ ಎಂದರೆ ಅದೂ ಪೂರ್ತಿ ನಿಜವಲ್ಲ. ‘ಅಶಕ್ತತೆ’ ಎಂಬ ಪದದ ಬಾಗಿಲಿನಿಂದ ಅದು ಸ್ವಲ್ಪ ಒಳಗೆ ನುಸುಳುತ್ತದೆ. 1944ರಲ್ಲಿ ವರದಿಯಾದ ಸಿಂಧ್ ನ್ಯಾಯಾಲಯದ ತೀರ್ಪೊಂದು ಭಯದಿಂದ ಬಂದ ತಾತ್ಕಾಲಿಕ ಮಾನಸಿಕ ಅಸ್ವಸ್ಥತೆಯನ್ನೂ ಅಶಕ್ತತೆ ಎಂದಿತು. ಮನೆ ಖಾಲಿ ಮಾಡಿಸಲು ಪಿಸ್ತೂಲು ತೋರಿಸಿ ಹೆದರಿಸಿದ ಪ್ರಕರಣ ಅದು. ಕರಾಚಿಯ ಕಡೆಯ ಕಥೆಯಾದರೂ ಬಾಡಿಗೆದಾರರನ್ನು ಹೊರಹಾಕುವ ವಿದ್ಯೆಯಲ್ಲಿ ಮುಂಬೈ ಯಾರಿಗೂ ಕಡಿಮೆಯಿಲ್ಲ.

ಮುಂಬೈಯದೇ ಒಂದು ಮೊಕದ್ದಮೆ 1966ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದೂ ಮನೆಯೊಡೆಯರು ಮತ್ತು ಬಾಡಿಗೆದಾರರ ಜಗಳ. ಸಿಟ್ಟಿನಲ್ಲಿ ಒಬ್ಬಾತ ಮನೆಯೊಡತಿಯ ಗಂಡನ ಮೇಲೆ ಕಾಗದಪತ್ರಗಳ ಫೈಲನ್ನು ಎಸೆದ. ಅದು ಗುರಿ ತಪ್ಪಿ ಆಕೆಯ ಮೊಣಕೈಗೆ ತಗುಲಿ ಒಂದು ಗೀರು ಆಯಿತು. ದೂರಿನಲ್ಲಿ ಆ ಗೀರು ರಕ್ತ ಸೋರುವ ಕೊಯ್ದ ಗಾಯವಾಗಿ ಬೆಳೆದಿತ್ತು. (ಕ್ಯಾಶುವಲ್ಟಿಯಲ್ಲಿ ಕೆಲಸ ಮಾಡಿದವರಿಗೆ ಈ ಬೆಳವಣಿಗೆ ಹೊಸದಲ್ಲ.) ಯಾವ ಸಾಮಾನ್ಯ ತಿಳಿವಳಿಕೆಯ ಮನುಷ್ಯನೂ ದೂರು ಹೇಳದಷ್ಟು ಅಲ್ಪ ಹಾನಿ ಅಪರಾಧವಲ್ಲ ಎನ್ನುವ 95ನೇ ಕಲಂ ಒಂದಿತ್ತು, ಈಗ ಅದು 33. ಅಲ್ಲಿರುವ ಪದ ಹರ್ಟೂ ಅಲ್ಲ, ಇಂಜುರಿಯೂ ಅಲ್ಲ, ‘ಹಾರ್ಮ್’. ಅದಕ್ಕೆ ಸಂಹಿತೆ ವ್ಯಾಖ್ಯೆಯನ್ನೇ ಕೊಟ್ಟಿಲ್ಲ. ಆ ‘ಹಾರ್ಮ್’ನಲ್ಲಿ ದೇಹದ ಗಾಯ ಬರುವುದಿಲ್ಲ, ಆದ್ದರಿಂದ ಆ ಕಲಮಿನ ರಕ್ಷಣೆ ಆರೋಪಿಗೆ ಸಿಗದು ಎಂದು ದೂರಿದವರ ಕಡೆಯವರು ವಾದಿಸಿದರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹಾರ್ಮ್ ಎಂದರೆ ನಿಘಂಟಿನ ಪೂರ್ಣ ಅರ್ಥದಲ್ಲಿ ಎಲ್ಲ ಬಗೆಯ ಹಾನಿ, ದೇಹದ್ದೂ ಸೇರಿ, ಎಂದಿತು. ಗೀರಿನ ಮೊಕದ್ದಮೆ ಅಲ್ಲಿಗೆ ಮುಗಿಯಿತು. ಒಂದು ಫೈಲಿನ ಅಂಚಿನಿಂದ ಮೂರು ಪದಗಳ ಅಳತೆ ಸ್ಪಷ್ಟವಾಯಿತು: ಎಲ್ಲಕ್ಕಿಂತ ದೊಡ್ಡದು ಹಾರ್ಮ್, ಅದರಲ್ಲಿ ಕಾನೂನುಬಾಹಿರವಾದಷ್ಟು ಇಂಜುರಿ, ದೇಹಕ್ಕೆ ಸೇರಿದ್ದು ಹರ್ಟ್. ಅಕ್ಕನ ಮಗ ಇದನ್ನು ಮಾತ್ರ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ.

ಇನ್ನು ಎಂಟನೆಯ ಬಗೆ. ಜೀವಕ್ಕೆ ಅಪಾಯ ತರುವ ಹರ್ಟ್, ಅಥವಾ ಇಪ್ಪತ್ತು ದಿನಗಳ ಕಾಲ ತೀವ್ರ ನೋವಿನಲ್ಲಿ ಇಡುವ, ಇಲ್ಲವೇ ಆತ ತನ್ನ ಎಂದಿನ ಕೆಲಸ ಮಾಡಿಕೊಳ್ಳಲಾಗದಂತೆ ಮಾಡುವ ಹರ್ಟ್. ಹೊಸ ಸಂಹಿತೆ ಇಪ್ಪತ್ತನ್ನು ಹದಿನೈದಕ್ಕೆ ಇಳಿಸಿದೆ. ಆಸ್ಪತ್ರೆಯಲ್ಲಿ ಮಲಗಿದ್ದರೆ ಸಾಲದು, ಕೆಲಸ ಮಾಡಲಾಗುತ್ತಿರಲಿಲ್ಲ ಎಂದು ತೋರಿಸಬೇಕು.

ಹಳೆಯ ಸಂಹಿತೆ ಇದ್ದಾಗಿನ ಮಾತು. ಕುಂದಾಪುರದ ಕಡೆಯ ಹುಡುಗ, ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ಅಡುಗೆಮನೆಯ ಜಗಳದಲ್ಲಿ ಇನ್ನೊಬ್ಬ ಕುದಿಯುವ ಸಾಂಬಾರನ್ನು ಅವನ ಬಲಗೈಯ ಮೇಲೆ ಸುರಿದಿದ್ದ. ಮೊಣಕೈಯಿಂದ ಬೆರಳಿನವರೆಗೆ ಬೊಕ್ಕೆ ಎದ್ದಿತ್ತು. ಬಿಸಿ ಪದಾರ್ಥದಿಂದ ಮಾಡಿದ ಹರ್ಟ್‌ಗೆ ಬೇರೆಯೇ ಕಲಂ ಇದೆ: ಆಗ, ಸಾದಾ ಆದರೆ 324, ಮೂರು ವರ್ಷದವರೆಗೆ, ಗಂಭೀರ ಆದರೆ 326, ಹತ್ತು ವರ್ಷ ಅಥವಾ ಜೀವಾವಧಿಯವರೆಗೂ ಹೋಗಬಹುದು. ಎರಡರ ನಡುವೆ ನಿಂತಿದ್ದದ್ದು ಆ ಇಪ್ಪತ್ತು ದಿನ. ಸುಟ್ಟಗಾಯದ ಪರಿಣಾಮ ಮೊದಲ ರಾತ್ರಿಯೇ ತಿಳಿಯುವುದಿಲ್ಲ, ಆದ್ದರಿಂದ ಹಾಳೆಯಲ್ಲಿ ‘ಅಭಿಪ್ರಾಯ ಕಾಯ್ದಿರಿಸಿದೆ’ ಎಂದು ಬರೆದು, ಡ್ರೆಸ್ಸಿಂಗಿಗೆ ಓಪಿಡಿಗೆ ಬರಲು ಹೇಳಿದೆ. ಅವನು ಬರಲಿಲ್ಲ. ಓಪಿಡಿ ಬೆಳಿಗ್ಗೆ ಮಾತ್ರ, ಹೋಟೆಲಿನ ಗಿರಾಕಿಯೂ ಬೆಳಿಗ್ಗೆಯೇ. ಹತ್ತಿರದ ಖಾಸಗಿ ದವಾಖಾನೆಯಲ್ಲಿ ರಾತ್ರಿ ಹೊತ್ತು ಪಟ್ಟಿ ಕಟ್ಟಿಸಿಕೊಂಡ, ಅದಕ್ಕೆ ಕಾಗದವಿಲ್ಲ.

ಕೋರ್ಟಿನಲ್ಲಿ ಆರೋಪಿಯ ವಕೀಲರು ಹೋಟೆಲಿನ ಹಾಜರಿ ಪುಸ್ತಕ ತೆಗೆದರು. ವಾರ ತುಂಬುವ ಮೊದಲೇ ಹುಡುಗ ಕೆಲಸಕ್ಕೆ ಹಾಜರಾಗಿದ್ದ. “ಹಾಗಾದರೆ ಡಾಕ್ಟರ್, ಅವನಿಗೆ ತನ್ನ ಎಂದಿನ ಕೆಲಸ ಮಾಡಲು ಅಡ್ಡಿ ಇರಲಿಲ್ಲ, ಅಲ್ಲವೇ?” ಅವನ ಎಂದಿನ ಕೆಲಸ ಕಾವಲಿಯ ಮುಂದೆ ನಿಲ್ಲುವುದು, ಆ ಕೈಯನ್ನು ಕಾವಲಿಯ ಝಳದ ಹತ್ತಿರ ಒಯ್ಯುವುದು ಸಾಧ್ಯವಿರಲಿಲ್ಲ ಎಂದೆ. “ನೀವು ಅವನನ್ನು ಆಮೇಲೆ ನೋಡಿದ್ದೀರಾ?” ಇಲ್ಲ. “ಹಾಜರಿ ಪುಸ್ತಕದಲ್ಲಿ ಯಾವ ಕೆಲಸ ಎಂದು ಬರೆದಿಲ್ಲ.” ಬರೆದಿರಲಿಲ್ಲ ನಿಜ. ಅವನು ಎಡಗೈಯಲ್ಲಿ ತೆಂಗಿನಕಾಯಿ ಎತ್ತಿಕೊಡುತ್ತಿದ್ದ, ಈರುಳ್ಳಿ ಸುಲಿಯುತ್ತಿದ್ದ, ಗಿರಾಕಿಗಳಿಗೆ ನೀರಿಡುತ್ತಿದ್ದ. ಕೆಲಸಕ್ಕೆ ಬಾರದಿದ್ದರೆ ದಿನದ ಸಂಬಳ ಇಲ್ಲ, ಮಲಗುವುದೂ ಅದೇ ಹೋಟೆಲಿನ ಮಾಳಿಗೆಯಲ್ಲಿ. ಇದನ್ನೆಲ್ಲ ಅವನೇ ಕಟಕಟೆಯಲ್ಲಿ ಹೇಳಿದ್ದ ಎಂದು ಸರ್ಕಾರಿ ವಕೀಲರು ನನಗೆ ತಿಳಿಸಿದರು.

ಇದೇ ಗಾಯ ಬ್ಯಾಂಕಿನ ಮ್ಯಾನೇಜರರಿಗೆ ಆಗಿದ್ದರೆ ವೈದ್ಯಕೀಯ ರಜೆ ಹಾಕಿ ತಿಂಗಳು ಮನೆಯಲ್ಲಿ ಕೂರುತ್ತಿದ್ದರು, ಗಾಯ ಗಂಭೀರವಾಗುತ್ತಿತ್ತು. ಬಡವನು ಬೇಗ ಎದ್ದು ನಿಲ್ಲುತ್ತಾನೆ, ಅದರಿಂದಲೇ ಅವನ ನೋವು ಸಾದಾ ಆಗಿಬಿಡುತ್ತದೆ. ಇಪ್ಪತ್ತನ್ನು ಹದಿನೈದಕ್ಕೆ ಇಳಿಸಿದ್ದರಿಂದ ಇದು ಸರಿಹೋಗುವುದಿಲ್ಲ, ಏಕೆಂದರೆ ಈ ಹುಡುಗರು ಐದನೇ ದಿನವೂ ಮಲಗಿರುವುದಿಲ್ಲ. ದಿನ ಎಣಿಸುವ ಬದಲು ಕೆಲಸ ಯಾವುದು, ಆ ಕೆಲಸಕ್ಕೆ ಯಾವ ಅಂಗ ಬೇಕು ಎಂದು ಕೇಳುವ ಒಂದು ಅಂಕಣ ಹಾಳೆಯಲ್ಲಿ ಇರಬೇಕು. ನಾನು ನೌಕರಿಯ ಕೊನೆಯ ವರ್ಷಗಳಲ್ಲಿ ಅಂಕಣವಿಲ್ಲದಿದ್ದರೂ ಅಂಚಿನಲ್ಲಿ ಬರೆಯುತ್ತಿದ್ದೆ: ‘ದೋಸೆ ಹೊಯ್ಯುವವ, ಬಲಗೈ’, ‘ಟೇಲರ್, ಬಲ ಹೆಬ್ಬೆರಳು’, ‘ಹಮಾಲ, ಸೊಂಟ’. ಕಿರಿಯ ವೈದ್ಯರು ನಗುತ್ತಿದ್ದರು. ವಕೀಲರು ನಗಲಿಲ್ಲ, ಪ್ರಶ್ನೆ ಕೇಳುವ ಮೊದಲು ಆ ಅಂಚನ್ನು ಓದುತ್ತಿದ್ದರು.

ಇನ್ನೊಂದು ಸಂಗತಿ ಸಂತ್ರಸ್ತರಿಗೆ ಯಾರೂ ಹೇಳುವುದಿಲ್ಲ. ಪರಿಹಾರದ ಕಲಂ, ದಂಡ ಪ್ರಕ್ರಿಯಾ ಸಂಹಿತೆಯ 357, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 395, ಬಳಸುವುದು ಹರ್ಟ್ ಎಂಬ ಪದವನ್ನಲ್ಲ. ಅಪರಾಧದಿಂದ ಆದ ‘ನಷ್ಟ ಅಥವಾ ಇಂಜುರಿ’ಗೆ, ವಿಧಿಸಿದ ದಂಡದ ಹಣದಿಂದ ಪರಿಹಾರ ಕೊಡಿಸಬಹುದು ಎನ್ನುತ್ತದೆ. ಹೋದ ಸಂಬಳ, ಮುರಿದ ಹೊಲಿಗೆ ಯಂತ್ರ, ಔಷಧದ ಖರ್ಚು ಎಲ್ಲ ಇಲ್ಲಿಗೆ ಬರಬಹುದು, ದೂರಿನಲ್ಲಿ ಬರೆಸಿದ್ದರೆ, ರಸೀದಿ ಇಟ್ಟುಕೊಂಡಿದ್ದರೆ. ನಮ್ಮವರು ವೈದ್ಯರ ಹಾಳೆಯೊಂದನ್ನೇ ನಂಬಿ, ಉಳಿದದ್ದನ್ನು ದೂರಿನಲ್ಲಿ ಹೇಳುವುದೇ ಇಲ್ಲ. ಆ ಹಾಳೆಯ ನೆತ್ತಿಯ ಮೇಲೆ ಇಂಜುರಿ ಎಂದಿದೆಯಲ್ಲ, ಎಲ್ಲ ಬಂತು ಎಂದುಕೊಳ್ಳುತ್ತಾರೆ. ಈಗಲೂ ಕಾಲೊನಿಯಲ್ಲಿ ಯಾರಾದರೂ ಠಾಣೆಗೆ ಹೊರಟರೆ ನಾನು ಮೊದಲು ಕೇಳುವುದು, ಏನೇನು ಒಡೆಯಿತು, ಎಷ್ಟು ದಿನದ ಸಂಬಳ ಹೋಯಿತು, ಏನೆಂದು ಹೆದರಿಸಿದರು ಎಂದು. ಗಾಯ ಎಲ್ಲಿದೆ ಎಂಬುದನ್ನು ಆಸ್ಪತ್ರೆಯಲ್ಲಿ ಹೇಗೂ ನೋಡುತ್ತಾರೆ.

ಸಾಕ್ಷಿ ಹೇಳಿ ಬಂದ ವೈದ್ಯರಿಗೆ ತೀರ್ಪು ಏನಾಯಿತೆಂದು ಯಾರೂ ತಿಳಿಸುವುದಿಲ್ಲ, ಸಾಂಬಾರಿನ ಮೊಕದ್ದಮೆಯದ್ದೂ ನನಗೆ ತಿಳಿಯಲಿಲ್ಲ. ಹುಡುಗ ಮಾತ್ರ ಕೆಲವು ವರ್ಷಗಳ ನಂತರ ಘಾಟ್‌ಕೋಪರಿನ ಬೇರೊಂದು ಹೋಟೆಲಿನ ಗಲ್ಲಾದಲ್ಲಿ ಸಿಕ್ಕಿದ. ಅವನೇ ಗುರುತು ಹಿಡಿದ. ಕೈಯಲ್ಲಿ ಬಣ್ಣ ತುಸು ಬೇರೆಯಾಗಿತ್ತೇ ಹೊರತು ಬೆರಳುಗಳು ಚೆನ್ನಾಗಿ ಮಡಚುತ್ತಿದ್ದವು, ನೋಟು ಎಣಿಸುವ ವೇಗದಲ್ಲಿಯೇ ಅದು ಕಂಡಿತು. ದೋಸೆ ಯಾಕೆ ಬಿಟ್ಟೆ ಎಂದು ಕೇಳಿದೆ. ಕಾವಲಿಗೆ ನೀರು ಚಿಮುಕಿಸಿದಾಗ ಬರುವ ಸದ್ದಿಗೆ ಈಗಲೂ ಮೈ ಹಿಂದಕ್ಕೆ ಹೋಗುತ್ತದೆ, ಅದಕ್ಕೆ ಗಲ್ಲಾ ಕೇಳಿ ಪಡೆದೆ ಎಂದ. ಸಂಬಳ?

“ದೋಸೆಯವನಿಗೆ ನನಗಿಂತ ನಾಲ್ಕು ಸಾವಿರ ಹೆಚ್ಚು, ಅಮ್ಮಾ” ಎಂದು ಹೇಳಿ ನನ್ನ ಚಿಲ್ಲರೆ ಎಣಿಸಿ ಕೊಟ್ಟ.